ಮಹೀಂದ್ರ ಎಫ್‌ಸಿ 160 ಪಿಕಪ್ ಮನೆಯಲ್ಲೇ ರಿಪೇರಿ: ಮಳೆಗಾಲಕ್ಕೆ ಎಂಜಿನ್, ಬೇಸಿಗೆಗೆ ತಗಡು

ಪೆರ್ಲ_ಪಿಕಪ್ (ಪೆರ್ಲ, ಕಾಸರಗೋಡು) | ಮೇ

ನಮಸ್ಕಾರ ಎಲ್ರಿಗೂ. ನಮ್ಮ ಮನೇಲಿ 1974ನೇ ಇಸವಿಯ ಮಹೀಂದ್ರ ಎಫ್‌ಸಿ 160 ಪಿಕಪ್ ಒಂದುಂಟು. ಅಜ್ಜ ತೆಗೊಂಡದ್ದು. ಅಡಿಕೆ ಗೋಣಿ, ಹಟ್ಟಿಗೊಬ್ಬರ, ಮೈಲುತುತ್ತಿನ (ಅಡಿಕೆಗೆ ಬಿಡುವ ಮದ್ದಿನ ತಾಮ್ರದ ಉಪ್ಪು) ಡ್ರಮ್ಮು, ಜಂಬ್ರದ (ಮನೆ ಸಮಾರಂಭದ) ಪಾತ್ರೆ, ಒಂದೂ ಬಿಡದೆ ಹೊತ್ತ ಗಾಡಿ. ಹೊಸ ಗಾಡಿ ಬಂದ ಮೇಲೆ ಇದನ್ನು ಹಟ್ಟಿ ಬದಿಯ ಶೆಡ್ಡಿಗೆ ನೂಕಿ ಇಟ್ಟದ್ದು ಹಾಗೇ ಉಳೀತು. ಗುಜ್ರಿಯವ ಬಂದು ಕಿಲೋ ಲೆಕ್ಕದಲ್ಲಿ ರೇಟು ಹೇಳಿ ಹೋದ, ಕೊಡುದಿಲ್ಲ ಹೇಳಿದೆ. ಎಷ್ಟು ವರ್ಷ ಬೇಕಾದ್ರೂ ಆಗ್ಲಿ, ಮನೇಲೇ ನಿಧಾನಕ್ಕೆ ಮಾಡಿ ಪುನಃ ರೋಡಿಗೆ ಇಳಿಸುದು ಅಂತ ನಿರ್ಧಾರ ಮಾಡಿದ್ದೇನೆ. ಶೋಕಿಗೆ ಅಲ್ಲ, ಇದ್ರಲ್ಲಿ ಅಡಿಕೆ ಹಾಕಿಕೊಂಡು ಕ್ಯಾಂಪ್ಕೋಗೆ (ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ) ಹೋಗ್ಬೇಕು.

ನೋಡದವರಿಗೆ ಹೇಳುದಾದ್ರೆ ಎಫ್‌ಸಿ ಅಂದ್ರೆ ಫಾರ್ವರ್ಡ್ ಕಂಟ್ರೋಲ್, ಇದು ಮೂತಿ ಇಲ್ಲದ ಜೀಪು, ಡ್ರೈವರ್ ಮತ್ತೆ ಪಕ್ಕದವರ ನಡುವೆ ಎಂಜಿನ್ ಕೂತಿರ್ತದೆ, ಮುಚ್ಚಳ ತೆಗೆದ್ರೆ ಕ್ಯಾಬಿನ್ ಒಳಗಿಂದಲೇ ಕೆಲಸ ಮಾಡ್ಬಹುದು. ಅಮೆರಿಕದ ವಿಲ್ಲೀಸ್‌ನವರು 1956ರ ಕೊನೆಗೆ ಎಫ್‌ಸಿ 150 ತಂದ್ರು, ಅಲ್ಲಿ 1965ರ ಹೊತ್ತಿಗೆ ನಿಂತಿತು, ಅದೇ ಸಮಯಕ್ಕೆ ಮಹೀಂದ್ರದವರು ಇಲ್ಲಿ ಶುರು ಮಾಡಿದ್ರು. 150ರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) 81 ಇಂಚು, 160ದ್ದು 93. ಎಂಜಿನ್ ಹರಿಕೇನ್ ಪೆಟ್ರೋಲ್, 2199 ಸಿಸಿ, ಸಿಜೆ 3ಬಿ ಜೀಪಿಗೆ ಇದ್ದದ್ದೇ, ಹಾಗಾಗಿ ಪಿಸ್ಟನ್ನು ಗ್ಯಾಸ್ಕೆಟ್ಟು ಈಗಲೂ ಸಿಗ್ತದೆ. ಸಿಗದ್ದು ಕ್ಯಾಬಿನ್ನಿನ ತಗಡು, ಮುಂದಿನ ದೊಡ್ಡ ಗಾಜು, ಅದ್ರ ರಬ್ಬರ್. ದೇವರ ದಯೆ, ಗಾಜು ನಮ್ಮದು ಸರಿ ಉಂಟು.

ಸದ್ಯದ ಸ್ಥಿತಿ ಇಷ್ಟು: ಎಂಜಿನ್ ಜಾಮ್, ಬ್ರೇಕ್ ಇಲ್ಲವೇ ಇಲ್ಲ, ಕ್ಯಾಬಿನ್ ನೆಲ ಎರಡೂ ಕಡೆ ತೂತು, ಹಿಂದಿನ ತೊಟ್ಟಿಯ ತಗಡಿನಲ್ಲಿ ಡ್ರಮ್ಮು ಇಡ್ತಿದ್ದ ಜಾಗದಲ್ಲಿ ಸರೀ ಡ್ರಮ್ಮಿನ ಅಳತೆಗೆ ದುಂಡಗೆ ಕೊಳೆತು ಹೋಗಿದೆ. ಚಾಸಿ ಮಾತ್ರ ಗಟ್ಟಿ, ಸುತ್ತಿಗೆಯಲ್ಲಿ ಉದ್ದಕ್ಕೂ ಬಡಿದು ನೋಡಿದೆ, ಎಲ್ಲೂ ಪೊಳ್ಳು ಶಬ್ದ ಬರ್ಲಿಲ್ಲ.

ನಾನು ಒಂದು ವಿಷಯದಲ್ಲಿ ಗಟ್ಟಿ ಇದ್ದೇನೆ. ಒಟ್ಟಿಗೆ ಬಿಚ್ಚಿ ಹಾಕುದಿಲ್ಲ. ನಮ್ಮ ಊರಲ್ಲಿ ಬಾಡಿ ಒಂದು ಕಡೆ ಎಂಜಿನ್ ಒಂದು ಕಡೆ ಬೋಲ್ಟುಗಳು ಡಾಲ್ಡಾ ಡಬ್ಬಿಯಲ್ಲಿ ಅಂತ ಬಿದ್ದುಕೊಂಡ ಜೀಪುಗಳು ಎಷ್ಟೋ ಇದ್ದಾವೆ, ಅದೆಲ್ಲ ಒಳ್ಳೆ ಮನಸ್ಸಿನಿಂದ ಬಿಚ್ಚಿದ್ದೇ, ಬಿಚ್ಚಿದವನಿಗೆ ಮತ್ತೆ ಕೂಡಿಸ್ಲಿಕ್ಕೆ ಕಾಲ ಒದಗಿ ಬರ್ಲಿಲ್ಲ ಅಷ್ಟೆ. ಹಾಗಾಗಿ ಒಂದು ಕೆಲಸ ಹಿಡಿದ್ರೆ ಅದು ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕುದಿಲ್ಲ, ಗಾಡಿ ಯಾವತ್ತೂ ನಾಲ್ಕು ಚಕ್ರದ ಮೇಲೇ ನಿಂತಿರ್ಬೇಕು. ಎಲ್ಲಿಂದ ಶುರು ಮಾಡುದು ಹೇಳಿ.

ಮುಳ್ಳೇರಿಯ_ಲೇತ್ | ಮೇ

ಮೊದಲು ಸ್ಪ್ಯಾನರ್ ಕೆಳಗಿಡಿ, ಆರ್‌ಸಿ ಹುಡುಕಿ. ಗಾಡಿ ಅಜ್ಜನ ಹೆಸರಲ್ಲೇ ಉಂಟಾ? ಹಾಗಾದ್ರೆ ವಾರಸುದಾರರ ಸರ್ಟಿಫಿಕೇಟ್ ಮಾಡ್ಸಿ ಫಾರಂ 31ರಲ್ಲಿ ನಿಮ್ಮ ಹೆಸರಿಗೆ ತರ್ಬೇಕು, ಅದಕ್ಕೆ ಮನೆಯ ಎಲ್ಲ ಹಕ್ಕುದಾರರ ಒಪ್ಪಿಗೆ ಬೇಕಾಗ್ತದೆ, ಅತ್ತೆ ಚಿಕ್ಕಪ್ಪ ಎಲ್ಲರದ್ದೂ. ಇದು ಈಗ ಸುಲಭ, ಗಾಡಿ ಪಾಲಿಶ್ ಹೊಡೆದು ಮಿಂಚಿದ ಮೇಲೆ ಕಷ್ಟ, ನಿಮಗೆ ಅರ್ಥ ಆಗಿರ್ಬಹುದು.

ಎರಡನೇದು ಟ್ಯಾಕ್ಸ್. ನಿಲ್ಲಿಸುವಾಗ ಯಾರಾದ್ರೂ ಜಿ ಫಾರಂ ಕೊಟ್ಟಿದ್ರಾ ನೋಡಿ. ಕೇರಳದಲ್ಲಿ ಗಾಡಿ ಓಡಿಸುದಿಲ್ಲ ಅಂತ ಜಿ ಫಾರಂ ಕೊಡದಿದ್ರೆ ನಿಂತ ಗಾಡಿಗೂ ಟ್ಯಾಕ್ಸ್ ಬೆಳೀತಾ ಹೋಗ್ತದೆ. ಬಾಕಿ ಇದ್ರೆ ಹೆದರ್ಬೇಡಿ, ಆಗಾಗ ಒನ್ ಟೈಮ್ ಸೆಟಲ್‌ಮೆಂಟ್ ಬಿಡ್ತಾರೆ, ಅದು ಬಂದಾಗ ಹೋಗಿ ಮುಗಿಸಿ. ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ನಂಬರ್ ಹೊಡೆದು ನೋಡಿ, ಹಳೇ ಗಾಡಿಗಳ ದಾಖಲೆ ಎಷ್ಟೋ ಕಂಪ್ಯೂಟರಿಗೆ ಏರಲೇ ಇಲ್ಲ, ಹಾಗಿದ್ರೆ ಕಾಸರಗೋಡು ಆಫೀಸಲ್ಲಿ ಹಳೇ ರಿಜಿಸ್ಟರ್ ನೋಡಿ ಏರಿಸ್ಲಿಕ್ಕೆ ಅರ್ಜಿ ಕೊಡ್ಬೇಕು.

ಮೂರನೇದು ತುಂಬಾ ಮುಖ್ಯ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸ್ಲೇ ಬೇಡಿ, ಸ್ಯಾಂಡ್ ಬ್ಲಾಸ್ಟಿಂಗೂ ಬೇಡ. ಸೀಮೆಎಣ್ಣೆ ಹಾಕಿ ಬಟ್ಟೆಯಲ್ಲಿ ಉಜ್ಜಿ, ಬ್ರಾಸ್ ಬ್ರಶ್ ಸಾಕು, ಆಮೇಲೆ ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಇಡಿ, ಮೇಲೆ ಗ್ರೀಸ್ ಹಚ್ಚಿ. ನಂಬರ್ ಅಳಿಸಿ ಹೋದ್ರೆ ಉಳಿದದ್ದೆಲ್ಲ ವ್ಯರ್ಥ.

ಮಂಜೇಶ್ವರ_ಕಡಲು | ಮೇ

1974 ಅಂದ್ರೆ 50 ದಾಟಿತಲ್ಲ, ವಿಂಟೇಜ್ ಮಾಡಿ ಮಾರಾಯ್ರೆ. 2021ರಲ್ಲಿ ಕೇಂದ್ರದವರು ರೂಲ್ಸ್ ತಂದಿದ್ದಾರೆ, 50 ವರ್ಷ ಮೀರಿದ ಗಾಡಿಗೆ ಬೇರೆಯೇ ನೋಂದಣಿ, ನಂಬರಲ್ಲಿ ವಿಎ ಅಂತ ಬರ್ತದೆ, 20,000 ರೂಪಾಯಿ ಫೀಸು, 10 ವರ್ಷ ಚಿಂತೆ ಇಲ್ಲ. ಗೌರವವೂ ಉಂಟು.

ಪೆರ್ಲ_ಪಿಕಪ್ | ಮೇ

ಅದನ್ನ ಓದಿದೆ. ಆದ್ರೆ ವಿಂಟೇಜ್ ಮಾಡಿದ್ರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಲಿಕ್ಕೆ, ರಿಪೇರಿಗೆ, ಇಷ್ಟಕ್ಕೇ ರೋಡಿಗೆ ಇಳಿಸ್ಬಹುದು. ದುಡಿಯುವ ಗಾಡಿ ಇದು, ಗೋಣಿ ಹೊರದಿದ್ರೆ ನನಗೆ ಯಾಕೆ ಬೇಕು? ಆರ್‌ಸಿಯಲ್ಲಿ ಗೂಡ್ಸ್ ಅಂತಲೇ ಉಂಟು, ಹಾಗೇ ಇರ್ಲಿ, ವರ್ಷ ವರ್ಷ ಫಿಟ್ನೆಸ್‌ಗೆ ಹೋಗ್ತೇನೆ. ಒಟ್ಟು ತೂಕ 3000 ಕಿಲೋ ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಅದೊಂದು ತಲೆಬಿಸಿ ಕಮ್ಮಿ. ಅತ್ತೆಯವರ ಸಹಿಗೆ ಬರುವ ವಾರ ಹೋಗ್ಲಿಕ್ಕುಂಟು.

ಜತ್ತ_ಜೀಪ್ (ಜತ್ತ, ಸಾಂಗ್ಲಿ ಜಿಲ್ಲಾ) | ಜೂನ್

ಅಣ್ಣಾರ, ನಿಮ್ಮ ಗಾಡಿ ಕಥಿ ಓದಿ ಭಾಳ ಖುಷಿ ಆತು. ನನ್ನ ಕಡೆ ಸಿಜೆ 3ಬಿ ಐತಿ, ಎಂಜಿನ್ ನಿಮ್ದ ಐತಿ, ಅದಕ್ಕ ಜಾಮ್ ಆದ ಎಂಜಿನ್ ಬಗ್ಗೆ ನಾಕ ಮಾತ ಹೇಳ್ತೀನಿ. ಯಾರರ ಬಂದು ಟ್ರ್ಯಾಕ್ಟರ್‌ಗೆ ಕಟ್ಟಿ ಗೇರಿನ್ಯಾಗ ಹಾಕಿ ಜಗ್ಗೂಣು ಅಂದ್ರ ಒಪ್ಪಬ್ಯಾಡ್ರಿ, ಎಷ್ಟ ಗೆಳೆಯಾ ಇದ್ರೂ ಒಪ್ಪಬ್ಯಾಡ್ರಿ. ತುಕ್ಕ ಹಿಡದು ಕುಂತ ರಿಂಗ್ ಮುರೀತಾವ, ಕನೆಕ್ಟಿಂಗ್ ರಾಡ್ ಬಾಗತೈತಿ, ವಾಲ್ವ್ ಸಿಕ್ಕೊಂಡಿದ್ರ ಅದೂ ಹೋತು.

ನಾಕೂ ಪ್ಲಗ್ ಬಿಚ್ಚಿ ಒಂದೊಂದ ಸಿಲಿಂಡರ್‌ಗೆ ಡೀಸೆಲ್ ಮತ್ತ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣಿ ಅರ್ಧಾ ಅರ್ಧಾ ಕೂಡಿಸಿ ಹಾಕ್ರಿ. ಬಿಡ್ರಿ. ದಿನಾ ಹೋಗಿ ನೋಡ್ರಿ, ಇಳದಿದ್ರ ಮತ್ತ ಹಾಕ್ರಿ. ಆಮ್ಯಾಲ ಫ್ಲೈವ್ಹೀಲ್ ಹಲ್ಲಿಗೆ ಪಟ್ಟಿ ಕೊಟ್ಟು ಹಿಂದಕ ಮುಂದಕ ಕೂದಲೆಳಿಯಷ್ಟ ಅಲುಗಾಡ್ಸೂದು, ಒಂದ ಕಡೆ ಒತ್ತಿ ಹಿಡೀಬ್ಯಾಡ್ರಿ. ಒಂದ ಸಲ ಅಲುಗಿತು ಅಂದ್ರ ಕೆಲಸಾ ಅರ್ಧಾ ಮುಗದಂಗ.

ಮತ್ತ ಈ ಎಂಜಿನ್ನಿನ ಸ್ವಭಾವಾ ಗೊತ್ತಿರ್ಲಿ: ಇನ್‌ಟೇಕ್ ವಾಲ್ವ್ ಮ್ಯಾಲ ಹೆಡ್ಡಿನ್ಯಾಗ, ಎಕ್ಸಾಸ್ಟ್ ವಾಲ್ವ್ ಕೆಳಗ ಬ್ಲಾಕಿನ್ಯಾಗ. ಹೆಡ್ ತಗದ್ರ ಅರ್ಧಾ ವಾಲ್ವ್ ಅಷ್ಟ ಕೈಗೆ ಬರ್ತಾವ. ಬ್ಲಾಕಿನ್ಯಾಗಿನ ವಾಲ್ವ್ ಗೈಡಿಗೆ ಅಂಟಿರ್ತಾವ, ಬಾಜೂಕಿನ ಕವರ್ ಬಿಚ್ಚಿ ಸ್ಪ್ರಿಂಗ್ ಕಡೆಯಿಂದ ಎಣ್ಣಿ ಕೊಡ್ರಿ. ಬೋರ್ ಮಾಡಸೂದಿದ್ರ ನಾವಂತೂ ಕೊಲ್ಹಾಪುರದ ಉದ್ಯಮನಗರಕ್ಕ ಹೊಕ್ಕೀವಿ, ಅಲ್ಲಿ ಕೈ ಚಲೋ ಐತಿ, ನಿಮಗ ಮಂಗಳೂರು ಹತ್ರ ಆಗ್ತೈತಿ.

ತಾಳವಾಡಿ_206 (ತಾಳವಾಡಿ, ಈರೋಡ್ ಜಿಲ್ಲೆ) | ಜೂನ್

ನನ್ ಹತ್ರ ಇರೋದು ಟಾಟಾ ಮೊಬೈಲ್ 206, 1988ರಲ್ಲಿ ಬಂದ ಮಾಡಲ್ಲು, 1948 ಸಿಸಿ ಡೀಸೆಲ್. ಸತ್ಯಮಂಗಲಕ್ಕೆ ಇಳೀಬೇಕು ಅಂದ್ರೆ ದಿಂಬಂ ಘಾಟಿನಲ್ಲಿ 27 ಹೇರ್‌ಪಿನ್ ತಿರುವು, ಅದ್ಕೇ ನಾನು ಮೊದ್ಲು ಕೇಳೋದು ಬ್ರೇಕು. ಎಂಜಿನ್ ಓಡ್ತು ಅಂದ ಕೂಡ್ಲೆ ಎಲ್ರಿಗೂ ಒಂದು ರೌಂಡ್ ಹೋಗೋಣ ಅನ್ನಿಸ್ತದೆ, ಗಾಡಿ ಹೊರಟ್ಬುಡ್ತದೆ, ನಿಲ್ಲೋದು ಹೆಂಗೆ? ಎಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಬ್ರೇಕು ಮುಗಿದಿರ್ಬೇಕು.

ನಿಮ್ದು ನಾಲ್ಕೂ ಡ್ರಮ್ ಬ್ರೇಕು, ಸಿಂಗಲ್ ಲೈನು. ಅಂದ್ರೆ ಒಂದ್ ಚಕ್ರದಲ್ಲಿ ಪೈಪು ಒಡೆದ್ರೆ ನಾಲ್ಕೂ ಹೋಯ್ತು. ಅದ್ಕೇ ಅರ್ಧಂಬರ್ಧ ಬೇಡ. ವೀಲ್ ಸಿಲಿಂಡರ್ ಬಿಚ್ಚಿ ಒಳಗೆ ಬೆರಳಾಡಿಸಿ, ಗುಳಿ ಸಿಕ್ಕಿದ್ರೆ ಹೊಸದೇ ಹಾಕಿ, ಉಜ್ಜಿ ಕಿಟ್ ಹಾಕಿದ್ರೆ ನಾಲ್ಕು ತಿಂಗಳಿಗೆ ಮತ್ತೆ ಸೋರ್ತದೆ. ಸ್ಟೀಲ್ ಪೈಪು, ರಬ್ಬರ್ ಹೋಸು ಎಲ್ಲಾ ಹೊಸದು. ರಬ್ಬರ್ ಇರೋ ಸಾಮಾನನ್ನ ಪೆಟ್ರೋಲು, ಡೀಸೆಲ್‌ನಲ್ಲಿ ತೊಳೀಬೇಡಿ, ಉಬ್ಬಿ ಹೋಗ್ತದೆ, ಬ್ರೇಕ್ ಆಯಿಲ್ ಇಲ್ಲಾ ಸ್ಪಿರಿಟ್ ಮಾತ್ರ. ಹಳೇ ಬ್ರೇಕ್ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರ್ತದೆ, ಕಂಪ್ರೆಸರ್ ಗಾಳಿಲಿ ಊದ್ಬೇಡಿ, ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಒರೆಸಿ, ಮಕ್ಳನ್ನ ಹತ್ರ ಬಿಡ್ಬೇಡಿ.

ಇನ್ನೊಂದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರ್ತದೆ. ಡಾಟ್ 3 ದರ್ಜೆ ಆಯಿಲ್ ಹೊಸದ್ರಲ್ಲಿ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಸೇರಿದ್ಮೇಲೆ 140ಕ್ಕೇ ಕುದೀಬಹುದು, ಘಾಟಿ ಇಳಿಯೋವಾಗ ಪೆಡಲ್ ಸ್ಪಂಜ್ ಆಗೋದು ಇದ್ಕೇನೆ. ನಿಮ್ಮ ಊರಿನ ತೇವಕ್ಕೆ ಇನ್ನೂ ಬೇಗ. ಒಡೆದಿಟ್ಟ ಡಬ್ಬಿ ಆಯಿಲ್ಲು ಬಳಸ್ಬೇಡಿ.

ಉಪ್ಪಳ_ಡೀಸೆಲ್ | ಜೂನ್

ಎಲ್ಲ ಸರಿ, ಆದ್ರೆ ಈ ಎಂಜಿನ್ನಿಗೆ ಯಾಕೆ ಸುಮ್ಮನೆ ಪೆಟ್ರೋಲ್ ಕುಡಿಸುದು, ಹೇಗೂ ಜಾಮ್ ಅಲ್ವಾ, ಒಂದು ಡೀಸೆಲ್ ಎಂಜಿನ್ ಕೂರಿಸಿ ಬಿಡಿ. ನಮ್ಮ ಕಡೆ ಎಷ್ಟೋ ಜೀಪಿಗೆ ಹಾಗೆ ಮಾಡಿದ್ದಾರೆ.

ಮುಳ್ಳೇರಿಯ_ಲೇತ್ | ಜೂನ್

ಆ ಕಾಲ ಹೋಯ್ತು. 2019 ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ, ಕಂಪನಿ ಕೊಟ್ಟ ಮೂಲ ರೂಪದಿಂದ ಬೇರೆ ಆಗುವ ಹಾಗೆ ಗಾಡಿ ಬದಲಿಸ್ಲಿಕ್ಕಿಲ್ಲ ಅಂತ, ಅದು ಕೇರಳದಿಂದಲೇ ಹೋದ ಕೇಸು. ಇಂಧನವೇ ಬೇರೆ ಆದ್ರೆ ಆರ್‌ಟಿಒ ಅನುಮತಿ ಮೊದಲೇ ಬೇಕು. ಅದೇ ಹರಿಕೇನ್ ಇನ್ನೊಂದು ಎಂಜಿನ್ ಹಾಕಿದ್ರೂ ನಂಬರ್ ಬದಲಾಗ್ತದೆ, ಹೋಗಿ ಆರ್‌ಸಿಯಲ್ಲಿ ಬರೆಸ್ಬೇಕು. ಮತ್ತೆ ಎಫ್‌ಸಿ ಮೊದಲೇ ಮುಂಭಾಗ ಭಾರದ ಗಾಡಿ, ಚಾಲಕನೂ ಎಂಜಿನ್ನೂ ಮುಂದಿನ ಆಕ್ಸಲ್ ಮೇಲೇ ಕೂತದ್ದು, ಖಾಲಿ ಇರುವಾಗ ಜೋರು ಬ್ರೇಕ್ ಹಾಕಿದ್ರೆ ಹಿಂದು ಹಗುರ ಆಗ್ತದೆ. ಅದ್ರ ಮೇಲೆ ಇನ್ನೂ ಭಾರದ ಡೀಸೆಲ್ ಕೂರಿಸುದು ಸರಿಯಲ್ಲ. ಇದ್ದ ಎಂಜಿನ್ನೇ ಉಳಿಸಿ.

ಪೆರ್ಲ_ಪಿಕಪ್ | ಆಗಸ್ಟ್

ಸ್ವಲ್ಪ ತಡವಾಯ್ತು, ತೋಟದ ಕೆಲಸ. ಮಳೆ ಬಿಡುವಾದಾಗ ಮದ್ದು ಬಿಡ್ಲೇಬೇಕು, ಇಲ್ಲದಿದ್ರೆ ಕೊಳೆರೋಗ ಯಾರನ್ನೂ ಕೇಳುದಿಲ್ಲ. ಮಳೆ ಹಿಡಿದ ದಿನ ಶೆಡ್ಡಿನೊಳಗೆ ನಾನು ಮತ್ತೆ ಗಾಡಿ.

ಒಂದು ವಿಷಯ ಈಗ ನನಗೆ ಸ್ಪಷ್ಟ ಆಗಿದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ನಮ್ಮಂಥ ಊರಲ್ಲಿ ಕೆಲಸದ ಕ್ರಮ ಪಂಚಾಂಗ ನೋಡಿಯೇ ಆಗ್ಬೇಕು. ಜೂನಿಂದ ಸೆಪ್ಟೆಂಬರ್‌ವರೆಗೆ ತಗಡು ಬೋಳು ಮಾಡುವ ಯೋಚನೆಯೇ ಬೇಡ, ಬೆಳಿಗ್ಗೆ ಗ್ರೈಂಡ್ ಮಾಡಿದ ಜಾಗ ಸಂಜೆಗೆ ಕೇಸರಿ ಬಣ್ಣ. ಅದೇ ಎಂಜಿನ್, ಬ್ರೇಕ್, ಗೇರ್‌ಬಾಕ್ಸ್ ಎಲ್ಲ ಎಣ್ಣೆಯಲ್ಲಿ ಮಾಡುವ ಕೆಲಸ, ಅದಕ್ಕೆ ಮಳೆಗಾಲವೇ ಒಳ್ಳೇದು. ವೆಲ್ಡಿಂಗು, ಪ್ರೈಮರು, ಪೇಂಟು ಡಿಸೆಂಬರಿನಿಂದ ಫೆಬ್ರವರಿ ಒಳಗೆ. ಈ ಕ್ರಮ ಹಿಡಿದ್ರೆ ಅಡಿಕೆ ಕೊಯ್ಲಿನ ನಡುವೆಯೂ ಗಾಡಿ ಮುಂದೆ ಹೋಗ್ತದೆ.

ಎಂಜಿನ್ನಿನ ಜಾಮ್ ಬಿಟ್ಟಿತು. ಜತ್ತದ ಅಣ್ಣ ಹೇಳಿದ ಹಾಗೇ ಮಾಡಿದ್ದು. ಮೂರು ಸಿಲಿಂಡರ್ ಎಣ್ಣೆ ಬೇಗ ಕುಡಿದು ಇಳಿಸ್ತಿತ್ತು, ಎರಡನೇದ್ರಲ್ಲಿ ಮಾತ್ರ ಎಣ್ಣೆ ಹಾಕಿದಷ್ಟೇ ನಿಂತಿರ್ತಿತ್ತು, ಆಗಲೇ ಗೊತ್ತಾಯ್ತು ಹಿಡಿದುಕೊಂಡದ್ದು ಎಲ್ಲಿ ಅಂತ. ಫ್ಲೈವೀಲಿಗೆ ಪಟ್ಟಿ ಕೊಟ್ಟು ಆಡಿಸ್ತಾ ಆಡಿಸ್ತಾ ಒಂದು ಸಂಜೆ ಟಕ್ ಅಂತ ಸಣ್ಣ ಶಬ್ದ, ಮತ್ತೆ ಎರಡು ಬೆರಳಗಲ ತಿರುಗಿತು. ಅಪ್ಪನನ್ನ ಕರೆದು ತೋರಿಸಿದೆ, ಅವರು ಅದನ್ನ ಮುಟ್ಟಿ ತಿರುಗಿಸಿ ನೋಡಿದ್ರು.

ಹೆಡ್ ತೆಗೆದ್ರೆ ಕಾರಣ ಕಣ್ಣೆದುರೇ ಉಂಟು. ಕಾರ್ಬುರೇಟರ್ ಬಾಯಿಗೆ ಮುಚ್ಚಳ ಇರ್ಲಿಲ್ಲ, ನಿಲ್ಲಿಸುವಾಗ ಎರಡನೇ ಸಿಲಿಂಡರಿನ ಇನ್‌ಟೇಕ್ ವಾಲ್ವ್ ತೆರೆದ ಸ್ಥಿತಿಯಲ್ಲಿತ್ತು, ವರ್ಷ ವರ್ಷದ ತೇವ ಎಲ್ಲ ಅಲ್ಲೇ ಇಳಿದಿದೆ. ಗೋಡೆಯಲ್ಲಿ ಪಿಸ್ಟನ್ ನಿಂತ ಎತ್ತರಕ್ಕೆ ಸರೀ ಒಂದು ತುಕ್ಕಿನ ಗೆರೆ, ಉಗುರು ಹಾಕಿದ್ರೆ ಸಿಕ್ತದೆ. ಹೋನಿಂಗಲ್ಲಿ (ಮೇಲಿಂದ ಉಜ್ಜಿ ನಯ ಮಾಡುದ್ರಲ್ಲಿ) ಹೋಗುದಿಲ್ಲ, ರೀಬೋರ್ (ಸಿಲಿಂಡರ್ ಕೊರೆದು ಅಗಲ ಮಾಡುದು) ಬೇಕು, ಬ್ಲಾಕನ್ನ ಮಂಗಳೂರಿಗೆ ಕೊಟ್ಟಿದ್ದೇನೆ, 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಓವರ್‌ಸೈಜ್ ಪಿಸ್ಟನ್ ಸೆಟ್ ಬೆಂಗಳೂರು ಜೆ.ಸಿ. ರೋಡಲ್ಲಿ ಸಿಕ್ಕಿತು. ಹಳೇ ಗಾಡಿ ಇಟ್ಟುಕೊಂಡವರು ಯಾರೇ ಇರ್ಲಿ, ಇವತ್ತೇ ಹೋಗಿ ಕಾರ್ಬುರೇಟರ್ ಬಾಯಿಗೂ ಸೈಲೆನ್ಸರ್ ಬಾಯಿಗೂ ಎಣ್ಣೆ ಬಟ್ಟೆ ತುರುಕಿ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಅದು.

ಬ್ರೇಕ್ ಎಲ್ಲ ಬಿಚ್ಚಿ ಆಗಿದೆ. ವೀಲ್ ಸಿಲಿಂಡರ್ ನಾಲ್ಕಕ್ಕೆ ನಾಲ್ಕೂ ಹೊಸದು. ಹ್ಯಾಂಡ್‌ಬ್ರೇಕ್ ನಮ್ಮದ್ರಲ್ಲಿ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲರ್ ಶಾಫ್ಟಿಗೆ ಇರುವ ಡ್ರಮ್ಮು, ಅಲ್ಲಿನ ಆಯಿಲ್ ಸೀಲ್ ಸೋರಿ ಲೈನರ್ ಎಲ್ಲ ಗೇರ್ ಎಣ್ಣೆಯಲ್ಲಿ ಮುಳುಗಿತ್ತು. ಸೀಲ್ ಬದಲಿಸದೆ ಬರೀ ಲೈನರ್ ಹಾಕಿದ್ರೆ ಪ್ರಯೋಜನ ಇಲ್ಲ, ಎರಡೂ ಒಟ್ಟಿಗೇ ಮಾಡಿದೆ.

ಜತ್ತ_ಜೀಪ್ | ಆಗಸ್ಟ್

ಶಬಾಸ್! ಎಂಜಿನ್ ಅಲುಗಿತು ಅಂತ ಓದಿ ಇಲ್ಲಿ ನಾವೂ ಚಾ ಕುಡದ್ವಿ. ಈಗ ತಗಡಿಗೆ ಒಂದ ಮಾತ. ಭಾಳ ತಲಿ ಕೆಡಿಸ್ಕೋಬ್ಯಾಡ್ರಿ, ತಂತಿ ಬ್ರಶ್ ಹೊಡದು ರೆಡ್ ಆಕ್ಸೈಡ್ ಎರಡ ಕೋಟ ಕೊಟ್ಟು ಮ್ಯಾಲ ಎನಾಮಲ್ ಹೊಡದ್ರ ಆತು. ನನ್ನ ಜೀಪಿಗೆ ಹಂಗ ಮಾಡೀನಿ, ಇವತ್ತಿಗೂ ಗಟ್ಟಿ ಐತಿ.

ಮಂಜೇಶ್ವರ_ಕಡಲು | ಆಗಸ್ಟ್

ಅಣ್ಣ, ನಿಮ್ಮ ಜತ್ತದ ಒಣ ಹವೆಗೆ ಅದು ಸರಿ. ಇಲ್ಲಿ ಹಾಗೆ ಮಾಡಿದ್ರೆ ಎರಡನೇ ಮಳೆಗಾಲಕ್ಕೆ ಪೇಂಟಿನ ಅಡಿಯಿಂದ ಗುಳ್ಳೆ ಏಳ್ತದೆ. ರೆಡ್ ಆಕ್ಸೈಡ್ ನೀರನ್ನ ಪೂರ್ತಿ ತಡೆಯುದಿಲ್ಲ, ಅದ್ರ ಮೂಲಕ ತೇವ ಒಳಗೆ ಹೋಗ್ತದೆ. ಸಮುದ್ರದ ಉಪ್ಪು ಗಾಳಿಗೆ ಎರಡು ಡಬ್ಬಿ ಸೇರಿಸಿ ಹೊಡೆಯುವ ಎಪಾಕ್ಸಿ ಪ್ರೈಮರೇ ಬೇಕು, ಅದೂ ಬೋಳು ಕಬ್ಬಿಣದ ಮೇಲೆ, ಗ್ರೈಂಡ್ ಮಾಡಿದ ದಿನವೇ. ಪುಟ್ಟಿ ಹಾಕುದಿದ್ರೆ ಎಪಾಕ್ಸಿ ಮೇಲೆ ಹಾಕಿ, ಬೋಳು ಕಬ್ಬಿಣಕ್ಕೆ ಹಾಕ್ಬೇಡಿ, ಪುಟ್ಟಿಯೂ ತೇವ ಹೀರ್ತದೆ. ನಾವು ಮೀನಿನ ಗಾಡಿ ಇಟ್ಟವರು, ತುಕ್ಕು ಏನು ಅಂತ ದಿನಾ ನೋಡ್ತಾ ಬಂದವರು.

ಜತ್ತ_ಜೀಪ್ | ಆಗಸ್ಟ್

ಹೌದಲ್ರೀ, ನೀವ ಅಂದಿದ್ದ ಖರೆ. ನಮ್ಮ ಕಡೆ ತಗಡ ಉಳೀತೈತಿ, ಬಿಸಲಿಗೆ ರಬ್ಬರ್ ಒಡದು ಪುಡಿ ಆಗ್ತಾವ. ನಿಮ್ಮ ಕಡೆ ಉಲ್ಟಾ. ಎಪಾಕ್ಸಿನ ಹೊಡೀರಿ ಹಂಗಾರ.

ನೀರ್ಚಾಲು_ತೋಟ | ಸೆಪ್ಟೆಂಬರ್

ಹಿಂದಿನ ತೊಟ್ಟಿ ಡ್ರಮ್ಮಿನ ಅಳತೆಗೆ ಕೊಳೆತಿದೆ ಹೇಳಿದ್ರಲ್ಲ, ಅದ್ರ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಅಡಿಕೆ ಊರಿನ ಎಲ್ಲ ಗಾಡಿಯ ಕಥೆ ಇದು. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಮಾಡ್ಲಿಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ಇದು ನಮಗೆಲ್ಲ ಗೊತ್ತು. ಮಿಶ್ರಣ ಹದಕ್ಕೆ ಬಂದಿದೆಯಾ ನೋಡ್ಲಿಕ್ಕೆ ತಿಕ್ಕಿದ ಚೂರಿ ಅದ್ದುತ್ತೇವೆ, ಚೂರಿ ಕೆಂಪಾದ್ರೆ ತುತ್ತು ಹೆಚ್ಚು, ಇನ್ನೂ ಸುಣ್ಣ ಹಾಕು ಅಂತ. ಆ ಕೆಂಪು ಎಂತದು? ತಾಮ್ರ. ತುತ್ತಿನ ನೀರಲ್ಲಿದ್ದ ತಾಮ್ರ ಚೂರಿಗೆ ಕೂತಾಗ ಅದ್ರ ಬದಲಿಗೆ ಚೂರಿಯ ಕಬ್ಬಿಣ ಕರಗಿ ನೀರಿಗೆ ಹೋಗ್ತದೆ. ಇದಕ್ಕೇ ತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸ್ಬಾರದು ಹೇಳುದು.

ನಿಮ್ಮ ಗಾಡಿಯ ತಗಡಿಗೆ ಅಷ್ಟು ವರ್ಷ ಇದೇ ಆದದ್ದು. ಮೇಲೆ ಕೂತ ತಾಮ್ರ ಅಲ್ಲೇ ಉಳೀತದೆ, ತೇವ ಸಿಕ್ಕಿದ ಕೂಡ್ಲೆ ತಾಮ್ರ ಮತ್ತೆ ಕಬ್ಬಿಣ ಸೇರಿ ಬ್ಯಾಟರಿ, ಕಬ್ಬಿಣ ಸವೀತಾ ಹೋಗ್ತದೆ. ಹಾಗಾಗಿ ಅದ್ರ ಮೇಲೆ ರಸ್ಟ್ ಕನ್ವರ್ಟರ್ (ತುಕ್ಕನ್ನ ಗಟ್ಟಿ ಪದರ ಮಾಡುವ ದ್ರಾವಣ) ಹಚ್ಚಿ ಪೇಂಟ್ ಹೊಡೆದ್ರೆ ನಿಲ್ಲುದಿಲ್ಲ. ಕೆಂಪು ಅಥವಾ ನೀಲಿ ಹಸಿರು ಕಲೆ ಎಲ್ಲಿವರೆಗೆ ಹೋಗಿದೆಯೋ ಅಲ್ಲಿಂದ ಒಂದು ಗೇಣು ಹೊರಗೆ ಬಿಟ್ಟು ಕತ್ತರಿಸಿ. ಅಲುಮಿನಿಯಂ ತಗಡು ರಿವಿಟ್ ಹೊಡೆಯುವ ಆಲೋಚನೆ ಇದ್ರೆ ಬಿಡಿ, ತುತ್ತು ಅದನ್ನ ಇನ್ನೂ ಬೇಗ ತಿಂತದೆ.

ಪೆರ್ಲ_ಪಿಕಪ್ | ಸೆಪ್ಟೆಂಬರ್

ಇದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ. ವರ್ಷಾ ವರ್ಷಾ ಚೂರಿ ಅದ್ದಿ ನೋಡುವ ನಾನು ಗಾಡಿಯ ತಗಡನ್ನ ಆ ಕಣ್ಣಲ್ಲಿ ನೋಡಿರ್ಲಿಲ್ಲ. ಇವತ್ತು ಹೋಗಿ ಕೆರೆದು ನೋಡಿದೆ, ತೂತಿನ ಅಂಚಲ್ಲಿ ತುಕ್ಕಿನ ಅಡಿಗೆ ತೆಳ್ಳಗೆ ಕೆಂಪು ಪದರ ಮಿಂಚ್ತಾ ಉಂಟು, ನೀವು ಹೇಳಿದ್ದೇ. ಸಣ್ಣ ಸಾಮಾನುಗಳ ತುಕ್ಕು ತೆಗೀಲಿಕ್ಕೆ ಎಂತ ಮಾಡುದು? ಬ್ರಾಕೆಟ್, ಹಿಂಜು, ಬಾಗಿಲ ಲಾಕ್ ಒಂದು ರಾಶಿ ಉಂಟು.

ಮುಳ್ಳೇರಿಯ_ಲೇತ್ | ಸೆಪ್ಟೆಂಬರ್

ಪ್ಲಾಸ್ಟಿಕ್ ಡ್ರಮ್ಮು, ನೀರು, ಬಟ್ಟೆ ಸೋಡಾ, ಬ್ಯಾಟರಿ ಚಾರ್ಜರ್. ಸಾಮಾನನ್ನ ತಂತಿಯಲ್ಲಿ ನೀರಿಗೆ ಇಳಿಬಿಟ್ಟು ಚಾರ್ಜರಿನ ನೆಗೆಟಿವ್ ಕೊಡಿ, ಪಾಸಿಟಿವ್‌ಗೆ ಬೇಡದ ಕಬ್ಬಿಣದ ಸರಳು, ಎರಡೂ ಒಂದಕ್ಕೊಂದು ತಾಗ್ಬಾರದು. ರಾತ್ರಿ ಬಿಟ್ರೆ ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ ಬಿಡ್ತದೆ, ಒಳ್ಳೆ ಕಬ್ಬಿಣ ಸವೆಯುದಿಲ್ಲ. ಪಾಸಿಟಿವ್‌ಗೆ ಸ್ಟೀಲ್ ಚಮಚ, ಸ್ಟೀಲ್ ಪೈಪ್ ಹಾಕ್ಬೇಡಿ, ಅದ್ರಲ್ಲಿನ ಕ್ರೋಮಿಯಂ ವಿಷವಾಗಿ ನೀರಿಗೆ ಬರ್ತದೆ, ನಮ್ಮ ತೋಡಿಗೆ ಬಾವಿಗೆ ಹೋಗುವ ನೀರು ಅದು. ಹೈಡ್ರೋಜನ್ ಬರ್ತದೆ, ಹಾಗಾಗಿ ಜಗಲಿಯಲ್ಲಿ ಇಡಿ, ಮುಚ್ಚಿದ ಕೋಣೆಯಲ್ಲಿ ಬೇಡ, ತಂತಿ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ. ತೆಗೆದ ಮೇಲೆ ತೊಳೆದು ಒಣಗಿಸಿ ಕೂಡ್ಲೇ ಪ್ರೈಮರ್.

ಆದೋನಿ_ಮೆಟಾಡೋರ್ (ಆದೋನಿ, ಕರ್ನೂಲು ಜಿಲ್ಲೆ) | ಅಕ್ಟೋಬರ್

ಸರ್ ಒಂದು ಡೌಟು, ಈಗಿನ ಪೆಟ್ರೋಲಿನಾಗ ಎಥನಾಲ್ ಹಾಕ್ತಾರಲ್ಲ, ಆ ಕಾಲದ ಎಂಜಿನ್ನಿಗೆ ಏನೂ ಆಗಲ್ವಾ?

ಪೆರ್ಲ_ಪಿಕಪ್ | ಅಕ್ಟೋಬರ್

ಎಂಜಿನ್ನಿನ ಕಬ್ಬಿಣಕ್ಕಿಂತ ರಬ್ಬರಿಗೆ ತೊಂದರೆ ಜಾಸ್ತಿ. ಈಗ ಬಂಕಲ್ಲಿ ಸಿಗುದು 20 ಪರ್ಸೆಂಟ್ ಎಥನಾಲ್ ಇದ್ದದ್ದೇ. ಹಳೇ ಪೆಟ್ರೋಲ್ ಹೋಸು, ಪಂಪಿನ ಡಯಾಫ್ರಾಮು, ಕಾರ್ಕ್ ಗ್ಯಾಸ್ಕೆಟ್ಟು ಉಬ್ಬಿ ಮೆತ್ತಗಾಗ್ತದೆ, ನಮ್ಮ ಎಫ್‌ಸಿಯಲ್ಲಿ ಎಂಜಿನ್ ಕ್ಯಾಬಿನ್ನೊಳಗೇ ಇರುದ್ರಿಂದ ಒಂದು ತೊಟ್ಟು ಸೋರಿದ್ರೂ ಅಪಾಯ. ಹಾಗಾಗಿ ವಿಟಾನ್ (ಎಥನಾಲ್ ತಡೆಯುವ ರಬ್ಬರ್) ಹೋಸು ಮತ್ತೆ ಎಥನಾಲ್ ತಡೆಯುವ ಡಯಾಫ್ರಾಮ್ ಹಾಕಿದ್ದೇನೆ. ಇನ್ನೊಂದು, ಎಥನಾಲ್ ನೀರು ಹೀರ್ತದೆ, ಗಾಡಿ ತಿಂಗಳುಗಟ್ಟಲೆ ನಿಂತ್ರೆ ನೀರು ಎಥನಾಲ್ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಅಲ್ಲೇ ತುಕ್ಕು ಹಿಡೀತದೆ. ಕೆಲಸ ಮುಗಿಯುವವರೆಗೆ ಟ್ಯಾಂಕ್ ಖಾಲಿ ಇಟ್ಟು ಸಣ್ಣ ಕ್ಯಾನಿಂದ ಪೆಟ್ರೋಲ್ ಕೊಡ್ತಾ ಇದ್ದೇನೆ. ನಿಮ್ಮ ಮೆಟಾಡೋರ್ ಡೀಸೆಲ್ ಅಲ್ವಾ, ನಿಮಗೆ ಈ ಚಿಂತೆ ಇಲ್ಲ.

ಪೆರ್ಲ_ಪಿಕಪ್ | ಜನವರಿ

ಎಂಜಿನ್ ನವೆಂಬರಿನಲ್ಲೇ ಸ್ಟಾರ್ಟ್ ಆಗಿದೆ. ಫೈರಿಂಗ್ ಆರ್ಡರ್ (ಸಿಲಿಂಡರ್ ಉರಿಯುವ ಕ್ರಮ) 1-3-4-2, ಕಿಡಿ ಕೊಡುವ ಪಾಯಿಂಟ್ ಸೆಟ್ ಮಾಡಿ ಹ್ಯಾಂಡಲಲ್ಲೇ ತಿರುಗಿಸಿದ್ದು. ಮೊದಲು ಹೊಗೆ, ಮತ್ತೆ ಒಂದು ಕೆಮ್ಮು, ಮತ್ತೆ ಹಿಡಿದುಕೊಂಡು ಓಡಿತು. ಆ ಶಬ್ದಕ್ಕೆ ಆಚೆ ಮನೆಯವರು ತೋಟ ದಾಟಿ ಬಂದ್ರು, ಅವರಿಗೆಲ್ಲ ಗೊತ್ತಿದ್ದ ಶಬ್ದ ಅದು. ಆಯಿಲ್ ಪ್ರೆಶರ್ ಸರಿ ಉಂಟು.

ಈಗ ಒಣ ಹವೆ, ತಗಡಿನ ಕೆಲಸ ನಡೀತಾ ಉಂಟು. ವೆಲ್ಡಿಂಗ್ ಶುರು ಮಾಡುವ ಮೊದಲೇ ಪೆಟ್ರೋಲ್ ಟ್ಯಾಂಕ್ ಇಳಿಸಿ ಅಂಗಳದ ಆಚೆ ಇಟ್ಟಾಯ್ತು, ಖಾಲಿ ಟ್ಯಾಂಕಲ್ಲಿರುವ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ, ಬ್ಯಾಟರಿ ತಂತಿಯೂ ಬಿಚ್ಚಿಟ್ಟದ್ದು. ಕ್ಯಾಬಿನ್ ನೆಲಕ್ಕೆ 1.2 ಮಿಲಿಮೀಟರ್ ತಗಡು. ಆರ್ಕ್ ವೆಲ್ಡಿಂಗಲ್ಲಿ ಇಷ್ಟು ತೆಳು ತಗಡು ತೂತಾಗ್ತದೆ, ಅದಕ್ಕೆ ಮಿಗ್ (ಗ್ಯಾಸ್ ಮತ್ತೆ ವೈರಲ್ಲಿ ಬೆಸೆಯುವ) ಮಿಶಿನ್ ಬಾಡಿಗೆಗೆ ತಂದು 0.8 ಮಿಲಿಮೀಟರ್ ವೈರಲ್ಲಿ ಮಾಡುದು. ಉದ್ದಕ್ಕೆ ಎಳೀಲಿಕ್ಕಿಲ್ಲ, ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ತಣಿಯಲಿಕ್ಕೆ ಬಿಟ್ಟು ಮತ್ತೆ ನಡುವಿನದ್ದು ಅಂತ ತುಂಬಿಸ್ತಾ ಬರ್ಬೇಕು, ಇಲ್ಲದಿದ್ರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗ್ತದೆ. ಮಡಿಕೆಯೊಳಗೆ, ಡಬಲ್ ತಗಡಿನ ನಡುವೆ ಪೇಂಟ್ ಹೋಗದ ಜಾಗಕ್ಕೆಲ್ಲ ಕೊನೆಗೆ ಮೇಣದ ಸ್ಪ್ರೇ ಹೊಡೆಯುದು. ಬಾಗಿಲ ಅಡಿಯ ನೀರು ಹೋಗುವ ತೂತುಗಳನ್ನ ಯಾವ ಕಾಲದಲ್ಲೋ ಯಾರೋ ಪುಟ್ಟಿ ಹಾಕಿ ಮುಚ್ಚಿದ್ದಾರೆ, ಬಾಗಿಲು ಕೊಳೆತದ್ದು ಅದಕ್ಕೇ. ಎಲ್ಲ ಬಿಡಿಸಿದೆ.

ಹಿಂದಿನ ತೊಟ್ಟಿಗೆ 3 ಮಿಲಿಮೀಟರ್ ಚೆಕರ್ ಪ್ಲೇಟ್ ಹಾಕಿ ಅಂತ ಎಲ್ಲರೂ ಹೇಳಿದ್ರು. ಲೆಕ್ಕ ಹಾಕಿ ನೋಡಿದೆ, ಚದರ ಮೀಟರಿಗೆ ಸುಮಾರು 24 ಕಿಲೋ ಬರ್ತದೆ, ಅಷ್ಟೂ ಭಾರ ಗೋಣಿಯ ಲೆಕ್ಕದಿಂದ ಕಳೀಬೇಕು. ಅದಕ್ಕೆ ತೊಟ್ಟಿಯ ಅಡ್ಡಪಟ್ಟಿಗಳನ್ನ ಮಾತ್ರ ಕಬ್ಬಿಣದಲ್ಲಿ ಹೊಸದಾಗಿ ಕೂರಿಸಿ ತಗಡು ಮೂಲದ ದಪ್ಪದ್ದೇ ಹಾಕಿದ್ದೇನೆ. ತುತ್ತಿನ ಡ್ರಮ್ಮು ಇನ್ನು ಈ ಗಾಡಿಗೆ ಏರುದಿಲ್ಲ.

ಬಣ್ಣ ಅಜ್ಜನ ಕಾಲದ್ದೇ, ಬಾಗಿಲಿನ ಒಳಪಟ್ಟಿಯ ಹಿಂದೆ ಬಿಸಿಲು ಕಾಣದ ಕಡೆ ಮೂಲದ ನೀಲಿ ಒಂದು ಅಂಗೈ ಅಗಲ ಉಳಿದಿತ್ತು, ಅದಕ್ಕೇ ಹೊಂದಿಸಿ ಕಲಸಿ ಕೊಡ್ತಾರೆ. ಅತ್ತೆಯವರು, ಚಿಕ್ಕಪ್ಪಂದಿರು ಎಲ್ಲ ಸಹಿ ಹಾಕಿ ಆಗಿದೆ, ಆರ್‌ಸಿ ಅಪ್ಪನ ಹೆಸರಿಗೆ ಬಂತು. ಫಿಟ್ನೆಸ್‌ಗೆ ಮಾರ್ಚಿನಲ್ಲಿ ಹೋಗುವ ಯೋಚನೆ.

ಒಂದೇ ತೊಂದರೆ ಉಳಿದದ್ದು. ಬ್ರೇಕ್ ಪೆಡಲ್ ಒಂದನೇ ಸಲ ಒತ್ತಿದ್ರೆ ಕೆಳಗೆ ಹೋಗ್ತದೆ, ಎರಡನೇ ಸಲಕ್ಕೆ ಗಟ್ಟಿ. ಎಲ್ಲೂ ಸೋರುದಿಲ್ಲ.

ತಾಳವಾಡಿ_206 | ಜನವರಿ

ಎರಡ್ನೇ ಸಲಕ್ಕೆ ಗಟ್ಟಿ ಆಗ್ತದೆ ಅಂದ್ರೆ ಲೈನರ್ ಡ್ರಮ್ಮಿಂದ ದೂರ ಐತೆ. ಹೊಸಾ ಲೈನರ್ ಹಾಕಿದ್ಮೇಲೆ ಅಡ್ಜಸ್ಟರ್ ಬಿಗಿ ಮಾಡಿದ್ರಾ? ನಾಲ್ಕೂ ಚಕ್ರ ಒಂದೊಂದಾಗಿ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ತಿರುಗಿಸ್ತಾ ಅಡ್ಜಸ್ಟರ್ ಬಿಗಿ ಮಾಡಿ, ಚಕ್ರ ಹಿಡಿದ್ಮೇಲೆ ತಿರುಗೋ ಅಷ್ಟು ಮಾತ್ರ ಸಡಿಲ ಬಿಡಿ. ಆಮೇಲೂ ಪೆಡಲ್ ಸ್ಪಂಜ್ ಥರ ಇದ್ರೆ ಮಾತ್ರ ಗಾಳಿ ಇದೆ ಅಂತ. ಆಗ ಬ್ಲೀಡಿಂಗು (ಪೈಪಿನ ಗಾಳಿ ಹೊರಗೆ ಬಿಡೋದು), ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು ಮಾಡಿ, ನಿಮ್ಮದು ರೈಟ್ ಹ್ಯಾಂಡ್ ಡ್ರೈವ್ ಆದ್ರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೇಗೆ ಮುಂದಿನ ಬಲ. ಒಬ್ರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ರು ನಿಪ್ಪಲ್ ಬಿಟ್ಟು ಬಿಗಿ ಮಾಡ್ಬೇಕು, ಬಿಗಿ ಆಗೋವರೆಗೂ ಕಾಲು ಎತ್ತೋ ಹಂಗಿಲ್ಲ. ಮೇಲಿನ ಡಬ್ಬಿ ಯಾವಾಗ್ಲೂ ಅರ್ಧದ ಮೇಲಿರ್ಲಿ.

ಪೆರ್ಲ_ಪಿಕಪ್ | ಜನವರಿ

ಅಡ್ಜಸ್ಟರ್ ಹಿಂದಿನ ಎರಡೂ ತುಂಬಾ ಸಡಿಲ ಇತ್ತು, ನೀವು ಹೇಳಿದ ಹಾಗೆ ಬಿಗಿ ಮಾಡಿದ ಮೇಲೆ ಒಂದೇ ಒತ್ತಿಗೆ ನಿಂತಿತು. ನಾಳೆ ಅಪ್ಪ ಪೆಡಲ್ ಹಿಡೀತಾರೆ, ಬ್ಲೀಡಿಂಗ್ ಒಂದು ಸುತ್ತು ಪೂರ್ತಿ ಮಾಡಿಯೇ ತೋಟದ ದಾರಿಗೆ ಇಳಿಸುದು.